ನಡುಬೆರಳು

ಡಾಕ್ಟರಮ್ಮ ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸುತ್ತಿದ್ದಂತೆಯೇ ಅವನಿಗೆ ತಿಳಿದುಹೋಯಿತು. ಹೆಂಡತಿಯ ಬಲಗೈ ನಡುಬೆರಳಿನ ಮಧ್ಯದ ಕೀಲು ಅರ್ಧ ಜಾರಿ ನಿಂತಿತ್ತು. ಅದರ ಬುಡದಲ್ಲಿ ಎಳ್ಳುಕಾಳಿನಷ್ಟು ಮೂಳೆ ಮುರಿದು ಬೇರೆಯಾಗಿತ್ತು.

ಇಪ್ಪತ್ತೆಂಟು ವರ್ಷಗಳಿಂದ ಈ ಆಸ್ಪತ್ರೆಯ ಪ್ಲಾಸ್ಟರ್ ಕೋಣೆ ಅವನದು. ಎಲ್ಲರಿಗೂ ಅವನು ಪ್ಲಾಸ್ಟರಣ್ಣ. ಉಳುಕಿದ ಬೆರಳನ್ನು ಹಿಡಿದುಕೊಂಡು ಬಂದವರಿಗೆಲ್ಲ ಹೇಳುತ್ತಿದ್ದುದು ಒಂದೇ ಮಾತು: “ಮೊದಲು ಎಕ್ಸ್‌ರೇ ಫೋಟೋ, ಆಮೇಲೆ ಕೈ.” ಆರು ವಾರಗಳ ಹಿಂದೆ ಬೀರುವಿನ ಬಾಗಿಲಿಗೆ ಸಿಕ್ಕಿ ಹೆಂಡತಿಯ ಬೆರಳು ಸೊಟ್ಟಗಾದಾಗ ಆ ಮಾತು ಅವನ ನೆನಪಿಗೇ ಬರಲಿಲ್ಲ. ಹಿಡಿದು ಎಳೆದ, ಲಟಕ್ಕೆಂದಿತು.

“ಕೂತ್ಕೊಳ್ತು ನೋಡು. ಕೀಲು ಜಾರಿತ್ತು, ಅಷ್ಟೇ,” ಎಂದು ಪಕ್ಕದ ಬೆರಳಿಗೆ ಜೋಡಿಸಿ ಪಟ್ಟಿ ಸುತ್ತಿದ.

“ದೊಡ್ಡಾಸ್ಪತ್ರೆ ಮನೇಲೇ ಇರೋವಾಗ ನಂಗೇನು ಭಯ!” ಎಂದು ಅವಳು ನೋವಿನಲ್ಲೂ ನಕ್ಕಿದ್ದಳು. ಬಾವು ಇಳಿಯಲಿಲ್ಲ. ಇಳಿಯುತ್ತದೆ ಎಂದು ಅವನು ಎರಡು ಬಾರಿ ಹೇಳಿದ.

“ಬಗ್ಗಿಸಿ,” ಎಂದರು ಡಾಕ್ಟರಮ್ಮ. ಬೆರಳು ಇಪ್ಪತ್ತು ಡಿಗ್ರಿ ಬಗ್ಗಿ ನಿಂತಿತು. “ತೊಂಬತ್ತು ಬೇಕು. ಮೊದಲನೇ ವಾರ ಬಂದಿದ್ರೆ ಒಂದು ತಂತಿ ಹಾಕಿ ಸರಿ ಮಾಡ್ತಿದ್ದೆ. ಈಗ ಆಪರೇಷನ್ ಮಾಡಿದ್ರೂ ನಲವತ್ತು ದಾಟಲ್ಲ. ಯಾರಮ್ಮ ಇದನ್ನ ಎಳೆದಿದ್ದು?”

ಅವನು ಬಾಯಿ ತೆರೆದ.

“ನಾನೇ, ಡಾಕ್ಟ್ರೇ,” ಎಂದಳು ಅವಳು. “ಫೋಟೋ ತೆಗೆಸು ಅಂತ ಇವ್ರು ಬಡ್ಕೊಂಡ್ರು. ನಾನು ಕಿವಿಗೆ ಹಾಕ್ಕೊಳ್ಲಿಲ್ಲ.”

“ಪ್ಲಾಸ್ಟರಣ್ಣನ ಹೆಂಡ್ತಿಯಾಗಿ ನೀವೇ ಹೀಗಾ? ಕಸೂತಿ ಹಾಕೋ ಕೈ ಅದು. ಬುದ್ಧಿ ಬೇಡ್ವಾ?”

ಅವಳು ತಲೆ ತಗ್ಗಿಸಿದಳು. ತೆರೆದ ಬಾಯಿಯನ್ನು ಅವನು ಮುಚ್ಚಿಕೊಂಡ.

ಮನೆ ಸೇರಿದ ಮೇಲೆ, “ಹಾಗ್ಯಾಕೆ ಹೇಳ್ದೆ?” ಎಂದ.

“ನಾಳೆ ನೀವು ಅದೇ ಕೋಣೇಲಿ ನಿಂತ್ಕೋಬೇಕಲ್ರೀ. ಬಿಡಿ ಅತ್ಲಾಗೆ. ಈ ಸೂಜಿಗೆ ದಾರ ಪೋಣಿಸಿ ಕೊಡಿ.”

ಪೋಣಿಸಿ ಕೊಟ್ಟ. ಅರ್ಧಕ್ಕೆ ಬಿಟ್ಟಿದ್ದ ಕಸೂತಿಯನ್ನು ಅವಳು ಮಡಿಲಿಗೆ ಎಳೆದುಕೊಂಡು, ಸೂಜಿಯನ್ನು ಬಟ್ಟೆಗೆ ಚುಚ್ಚಿ, ನಡುಬೆರಳಿಗೆ ಹೊಲಿಗೆಯ ಹಿತ್ತಾಳೆ ಟೋಪಿ ತೊಟ್ಟಳು. ಇಷ್ಟು ವರ್ಷ ಸೂಜಿಯನ್ನು ಹಿಂದಿನಿಂದ ದೂಡಿದ್ದು ಆ ಬೆರಳೇ. ಟೋಪಿ ತುದಿಗೆ ಸರಿಯಾಗಿ ಕೂತಿತು. ಬೆರಳು ಮಾತ್ರ ಸೂಜಿಯ ತಲೆಯಿಂದ ಒಂದು ಅಂಗುಲ ಆಚೆಯೇ ಉಳಿಯಿತು. ಇನ್ನೊಮ್ಮೆ ಬಗ್ಗಿಸಿ ನೋಡಿದಳು. ಆಮೇಲೆ ಟೋಪಿಯನ್ನು ಕಳಚಿ ಅವನ ಅಂಗೈಯಲ್ಲಿಟ್ಟು, ನೀರು ಕಾಯಿಸಲು ಒಳಗೆ ಹೋದಳು.

ಟೋಪಿ ಇನ್ನೂ ಬೆಚ್ಚಗಿತ್ತು. ಬಟ್ಟೆಯಲ್ಲಿ ಸೂಜಿ ಅರ್ಧಕ್ಕೆ ನಿಂತಿತ್ತು.