ನೀರು ಹಾಕದ ಎರಡು ತಿಂಗಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಕೈಗಳಿಗಂತೂ ಬಿಡುವೆಂದರೇನೆಂದೇ ಗೊತ್ತಿಲ್ಲ. ಹೊಲಿಗೆ ಕೆಲಸಕ್ಕೆ ಇವೆರಡೂ ಒಗ್ಗಿಬಿಡುತ್ತವೆ. ಗಿಡ ಸಾಕುವುದಕ್ಕೆ ಒಗ್ಗುವುದಿಲ್ಲ. ಇದು ಗೊತ್ತಿದ್ದೂ ಅಕ್ಕ ತನ್ನ ನೆಲಸಂಪಿಗೆಯ ಕುಂಡವನ್ನು ನನ್ನ ಮಡಿಲಿಗೆ ಹಾಕಿದಳು. ಮಂಡಿಯ ಆಪರೇಷನ್ ಆಗಿ ಮೂರು ತಿಂಗಳು ಮಗಳ ಮನೆಯಲ್ಲಿರಬೇಕಾಗಿದ್ದವಳಿಗೆ ಬೇರೆ ದಾರಿ ಇರಲಿಲ್ಲ.

ಅದು ಅಮ್ಮನ ಗಿಡ. ಬಾವು, ಉಳುಕು ಎಂದು ಯಾರಾದರೂ ಬಂದರೆ ಅಮ್ಮ ಅದರ ಗಡ್ಡೆಯ ಚೂರು ತೇಯ್ದು ಹಚ್ಚುತ್ತಿದ್ದಳು. ಅವಳು ಹೋದ ಮೇಲೆ ಅವಳ ಕೈಯದು ಎಂದು ನಮಗೆ ಉಳಿದದ್ದು ಈ ಒಂದೇ ಕುಂಡ.

"ಎಲೆ ಹಳದಿ ಆಯ್ತು ಅಂದ್ರೆ ನೀರು ನಿಲ್ಲಿಸ್ಬಿಡು. ಅದು ಮಲಗೋ ಹೊತ್ತು," ಎಂದಿದ್ದಳು ಅಕ್ಕ. ಆಗ ನಾನು ಯಾರದೋ ಅಂಗಿಗೆ ತೋಳು ಕೂಡಿಸುತ್ತಿದ್ದೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ.

ಮೂರನೇ ವಾರ ಎಲೆಗಳು ಹಳದಿಯಾದವು. ಪಾಪ, ಬಾಯಾರಿಕೆ ಎಂದುಕೊಂಡೆ. ಮೊದಲು ದಿನಕ್ಕೊಂದು ಲೋಟ, ಆಮೇಲೆ ಎರಡು. ಎಲೆ ಬಾಡಿದಷ್ಟೂ ನೀರು ಹೆಚ್ಚಿಸಿದೆ. "ಕುಡಿಯೇ, ಏನು ಧಿಮಾಕು ನಿಂಗೆ!" ಎಂದು ಗದರಿದ್ದೂ ಉಂಟು. ಕೊನೆಗೊಂದು ದಿನ ಎಲೆಗಳೆಲ್ಲ ಕಳಚಿ ಕೈಗೆ ಬಂದವು. ಬೆರಳು ಹಾಕಿ ಕೆದಕಿದರೆ ಗಡ್ಡೆ ಬೆಂದ ಆಲೂಗಡ್ಡೆಯ ಹಾಗೆ ಪಿಚಕ್ಕೆಂದಿತು. ಕೊಳೆತ ವಾಸನೆ. ಅಮ್ಮನನ್ನು ಇನ್ನೊಮ್ಮೆ ಕಳೆದುಕೊಂಡೆ ಅನ್ನಿಸಿ ಅಲ್ಲೇ ಕುಕ್ಕರಿಸಿ ಅತ್ತೆ.

ಅದೇ ಹೊತ್ತಿಗೆ ಅಕ್ಕನ ಫೋನು.

"ಗಿಡ ಹೇಗಿದೆಯೇ?"

"ಮಲಗಿದೆ."

"ನಿನ್ನ ಗಂಟಲು ಯಾಕೆ ಹಾಗಿದೆ?"

"ನೆಗಡಿ," ಎಂದು ಫೋನಿಟ್ಟೆ.

ಕುಂಡವನ್ನು ಕಂಕುಳಲ್ಲಿಟ್ಟುಕೊಂಡು ಬೀದಿ ಕೊನೆಯ ಗಿಡಮೂಲಿಕೆ ಅಂಗಡಿಗೆ ಓಡಿದೆ. ಅಂಗಡಿಯ ಹಿರಿಯರನ್ನು ಬೀದಿಯವರೆಲ್ಲ ನಿಧಾನಪ್ಪ ಎನ್ನುತ್ತಾರೆ. ಅವರು ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಳ್ಳುವಷ್ಟರಲ್ಲಿ ನನ್ನ ಅರ್ಧ ಜೀವ ಹೋಗಿತ್ತು. ಕೊಳೆತದ್ದನ್ನೆಲ್ಲ ಬ್ಲೇಡಿನಿಂದ ಕೊಯ್ದು ತೆಗೆದರು. ಹೆಬ್ಬೆರಳಿನಷ್ಟು ಗಡ್ಡೆ, ಅದಕ್ಕೆ ಅಂಟಿದ ಗೋಲಿಯಂಥ ಎರಡು ಬೇರುಗಂಟು, ಇಷ್ಟೇ ಉಳಿಯಿತು. ಕೊಯ್ದ ಜಾಗಕ್ಕೆ ಬೂದಿ ಸವರಿದರು.

"ನೆರಳಲ್ಲಿ ನಾಕು ದಿನ ಒಣಗ್ಸಿ, ಒಣ ಮಣ್ಣಲ್ಲಿ ಹೂತಿಡಮ್ಮ."

"ಆಮೇಲೆ?"

"ಆಮೇಲೆ ಏನೂ ಮಾಡ್ಬೇಡ."

"ನೀರು?"

"ಏನೂ ಅಂದ್ರೆ ಏನೂ."

"ಬದುಕಿದೆಯೋ ಇಲ್ವೋ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ಅದಾಗೇ ಎದ್ರೆ ಎದ್ದ ಹಾಗೆ."

ಆ ಮನುಷ್ಯನ ಕತ್ತು ಹಿಸುಕಬೇಕು ಅನ್ನಿಸಿತು. ಮನೆಗೆ ಬಂದು ಅವರು ಹೇಳಿದ ಹಾಗೇ ಮಾಡಿದೆ.

ಹೊಲಿಗೆ ಮಷೀನಿನ ಪಕ್ಕದ ಕಿಟಕಿಯಲ್ಲಿ ಕುಂಡ ಇಟ್ಟೆ. ದಾರ ಪೋಣಿಸುವಾಗ ಕಣ್ಣೆತ್ತಿದರೆ ಮಣ್ಣು, ಗುಂಡಿ ಹಚ್ಚುವಾಗ ಕಣ್ಣೆತ್ತಿದರೆ ಮಣ್ಣು. ಬಟ್ಟೆ ಕೊಡಲು ಬಂದವರು "ಖಾಲಿ ಕುಂಡ ಯಾಕೆ ಇಟ್ಕೊಂಡಿದೀರ?" ಎಂದರೆ ಉರಿದುಬೀಳುತ್ತಿದ್ದೆ. ಎಷ್ಟೋ ಸಲ ಲೋಟ ಕೈಗೆ ಬಂತು. ಆ ನೀರನ್ನು ನಾನೇ ಕುಡಿದೆ. ಕೆದಕಿ ನೋಡಲು ಬೆರಳು ತುರಿಸಿದಾಗ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತೆ. ಹೀಗೇ ಎರಡು ತಿಂಗಳು ಕಳೆಯಿತು.

ಒಂದು ಬೆಳಿಗ್ಗೆ ಕೋಣೆಯ ಬಾಗಿಲು ತೆರೆದರೆ ಎಲ್ಲೆಲ್ಲೂ ಪರಿಮಳ. ಕಿಟಕಿಯ ಬಳಿ ಹೋದೆ. ಮಣ್ಣು ಬಿರಿದಿತ್ತು. ಎಲೆಯಿಲ್ಲ, ದಂಟಿಲ್ಲ, ಆ ಒಣ ಮಣ್ಣಿನ ಬಿರುಕಿನಿಂದಲೇ ನೇರವಾಗಿ ಒಂದು ಹೂ! ಬಿಳಿ ಎಸಳುಗಳು, ನಡುವೆ ನೇರಳೆ. ಬೆರಳ ತುದಿಯಿಂದ ಮುಟ್ಟಿದೆ. ತಣ್ಣಗಿತ್ತು. ಹನಿ ನೀರು ಕಾಣದ ಮಣ್ಣಿನೊಳಗೆ ಈ ತಂಪನ್ನು ಇಷ್ಟು ದಿನ ಯಾರು ಕಾಪಾಡಿದರು? ಮೈ ಜುಮ್ಮೆಂದಿತು. ಇದರಲ್ಲಿ ನನ್ನದೇನೂ ಇರಲಿಲ್ಲ, ನಾನು ಅಡ್ಡ ಬಂದಿರಲಿಲ್ಲ ಅಷ್ಟೇ. ಕೈ ತಾನಾಗಿ ಎದೆಗೆ ಹೋಯಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ.

ಆ ಹೂ ಬಹಳ ಹೊತ್ತು ನಿಲ್ಲುವುದಿಲ್ಲ, ನಾಳೆಗೆ ಬಾಡಿಬಿಡುತ್ತದೆ. ಅಕ್ಕ ಬರಲು ಇನ್ನೂ ಐದು ದಿನವಿತ್ತು. ಮಷೀನಿಗೆ ಹೊದಿಕೆ ಹಾಕಿ, ಅಕ್ಕನ ಮಗಳ ಊರಿನ ಬಸ್ಸು ಹತ್ತಿ, ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರ್ ಟಿಕೆಟ್ ಹರಿಯುವುದನ್ನೂ ಮರೆತು ಬಗ್ಗಿ ನೋಡಿದ.

ಅಕ್ಕನಿಗೆ ಬಗ್ಗಲಾಗುತ್ತಿರಲಿಲ್ಲ. ಕುಂಡವನ್ನು ಅವಳ ಮುಖದ ಮಟ್ಟಕ್ಕೆ ಎತ್ತಿ ಹಿಡಿದೆ. ಅವಳು ಕಣ್ಣು ಮುಚ್ಚಿ ಮೂಸಿದಳು, ಕೆನ್ನೆ ಒದ್ದೆಯಾಯಿತು. ಇನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ.

"ಅಕ್ಕಾ, ನೀರು ಹಾಕಿ ಹಾಕಿ ಇದನ್ನ ಕೊಳೆಸಿಬಿಟ್ಟಿದ್ದೆ. ಉಳಿದಿದ್ದು ಹೆಬ್ಬೆರಳಷ್ಟು ಗಡ್ಡೆ. ಒಣ ಮಣ್ಣಲ್ಲಿ ಹೂತಿಟ್ಟು ಎರಡು ತಿಂಗಳು ಸುಮ್ಮನೆ ಕೂತಿದ್ದೆ."

ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತೆ. ಕೊನೆಗೆ ತಲೆಯೆತ್ತಿದೆ. ಅಕ್ಕ ಹೂವನ್ನು ಮರೆತು, ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು.

"ಸುಮ್ಮನೆ?" ಎಂದಳು. "ಎರಡು ತಿಂಗಳು? ನೀನಾ?"