ಹತ್ತಾ ಬೆಟ್ಟಕ್ಕೆ ಏಳು ಕಿಲೋ

ದುಬೈಯ ಕರಾಮದಲ್ಲಿ ಊರಿಗೆ ಹೊರಟವರು ಟಿಕೆಟ್ ಆದ ಮೇಲೆ ಮೊದಲು ಫೋನ್ ಮಾಡುತ್ತಿದ್ದುದು ಶೀನಪ್ಪನಿಗೆ. ರಟ್ಟಿನ ಪೆಟ್ಟಿಗೆ ತುಂಬಿಸುವುದರಲ್ಲಿ ಅವನ ಕೈ ಅಂಥದ್ದು. ಮೂವತ್ತು ಕಿಲೋ ಎಂದು ಅವನು ಹೇಳಿದ ಮೇಲೆ ಏರ್‌ಪೋರ್ಟಿನ ತಕ್ಕಡಿಯೂ ಬೇರೆ ಮಾತಾಡಿದ್ದಿಲ್ಲ. "ಭಾರದ್ದು ಅಡಿಗೆ, ಒಡೆಯುವುದು ನಡುವಿಗೆ, ಬಟ್ಟೆ ಸುತ್ತಲಿಗೆ, ಗಾಳಿಗೆ ಜಾಗ ಇಲ್ಲ" ಎಂದು ರಾಗವಾಗಿ ಹೇಳಿಕೊಳ್ಳುತ್ತಾ ಶೂಗಳೊಳಗೆ ಬಾದಾಮಿ, ಕುಕ್ಕರಿನೊಳಗೆ ಹಾಲಿನ ಪುಡಿ ಇಳಿಸುವಾಗ ಸುತ್ತ ಕೂತವರು ಉಸಿರು ಬಿಡುತ್ತಿರಲಿಲ್ಲ.

ಹೀಗಿರುವಾಗ ಅವನ ಹೆಂಡತಿ ಲೋಲಾಕ್ಷಿಗೆ ಬೆಟ್ಟ ಹತ್ತುವ ಬ್ಯಾಗು ಬೇಕಾಯಿತು.

ಅವಳು ಕೆಲಸ ಮಾಡುವ ಕ್ಲಿನಿಕ್ಕಿನ ಹೆಂಗಸರದ್ದೊಂದು ಬೆಟ್ಟ ಹತ್ತುವ ಗುಂಪು. ನರ್ಸ್ ಶೆರಿಲ್ ಅದರ ನಾಯಕಿ. ಡಿಸೆಂಬರಿನಲ್ಲಿ ಲೋಲಾಕ್ಷಿ ಚಪ್ಪಲಿಯಲ್ಲೇ ಹೋಗಿದ್ದಳು. ಶೆರಿಲ್ ಅವಳನ್ನು ಬಸ್ಸಿನಲ್ಲೇ ಕೂರಿಸಿ, ಉಳಿದವರನ್ನು ಕರೆದುಕೊಂಡು ಹತ್ತಿದಳು. ಮೂರು ಗಂಟೆ ಲೋಲಾಕ್ಷಿ ಡ್ರೈವರ್ ವಿಕ್ಟರನ ಮೊಣಕಾಲು ನೋವಿನ ಕಥೆ ಕೇಳಿದಳು. ಎರಡನೆಯ ಸಲ ಬಸ್ಸಿನಲ್ಲೇ ಉಳಿದರೆ ಗುಂಪಿನಿಂದ ಹೆಸರು ಹೊರಗೆ, ಅದು ಶೆರಿಲ್‌ಳ ಕಾನೂನು. ದುಬೈಗೆ ಬಂದು ಇಪ್ಪತ್ತೆರಡು ವರ್ಷ, ಬೆಟ್ಟವನ್ನು ಕಾರಿನ ಗಾಜಿನಿಂದ ಮಾತ್ರ ನೋಡಿದವಳು ಲೋಲಾಕ್ಷಿ. ಈ ಸಲ ಹತ್ತಲೇಬೇಕಿತ್ತು.

ಬ್ಯಾಗಿನಂಗಡಿಯ ಹಂಝ ಉಪ್ಪಳದವನು. "ಎಷ್ಟು ಲೀಟರಿಂದು ಬೇಕು ಶೀನಪ್ಪಣ್ಣ?"

"ಬ್ಯಾಗಿಗೆ ಲೀಟರ್ ಎಂತದು? ಕಿಲೋ ಹೇಳು."

"ಬೆಟ್ಟದ ಬ್ಯಾಗು ಲೀಟರಲ್ಲೇ ಲೆಕ್ಕ."

"ಗಾಲಿ ಉಂಟಾ?"

"ಬೆಟ್ಟಕ್ಕೆ ಎಳ್ಕೊಂಡು ಹೋಗ್ತೀರಾ?"

"ಕೇಳಿದ್ದು ಮಾರಾಯ. ಬೆನ್ನು ನನ್ನದಲ್ಲ, ಅವಳದ್ದು."

ಲೋಲಾಕ್ಷಿ ಅಷ್ಟರಲ್ಲಿ ಮೂವತ್ತು ಲೀಟರಿನ ನೀಲಿ ಬ್ಯಾಗೊಂದನ್ನು ಹೆಗಲಿಗೇರಿಸಿ, ಸೊಂಟದ ಪಟ್ಟಿ ಬಿಗಿದು, ಕನ್ನಡಿಯೆದುರು ನಾಲ್ಕು ಹೆಜ್ಜೆ ಹಾಕಿ, ಇದೇ ಎಂದಳು.

ಶನಿವಾರ ಅವಳಿಗೆ ಡ್ಯೂಟಿ. ಶೆರಿಲ್ ಕಳುಹಿಸಿದ ಪಟ್ಟಿಯನ್ನು ಗಂಡನ ಫೋನಿಗೆ ಹಾಕಿ, ಬ್ಯಾಗು ಏಳು ಕಿಲೋ ಮೀರಬಾರದಂತೆ ಎಂದು ಹೇಳಿ ಹೋದಳು. ಸಂಜೆ ಬಂದು ನೋಡುವಾಗ ಬ್ಯಾಗು ಕಡುಬಿನಂತೆ ಉಬ್ಬಿ ನಿಂತಿತ್ತು. ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಪ್ಲಾಸ್ಟಿಕ್ ಹಗ್ಗ. ಮಾರ್ಕರಿನಲ್ಲಿ ಅವಳ ಹೆಸರು, ಫ್ಲ್ಯಾಟ್ ನಂಬರು, ಕಾಪುವಿನ ಮನೆಯ ವಿಳಾಸ.

"ಹಗ್ಗ ಯಾಕೆ?"

"ಜಿಪ್ಪನ್ನು ನಂಬಲಿಕ್ಕಾಗುವುದಿಲ್ಲ. ಸರೀ ಏಳು ಕಿಲೋ, ಎರಡು ಸಲ ತೂಗಿದ್ದೇನೆ."

ಹಗ್ಗ ಬಿಚ್ಚಿಸಿದರೆ ಅವನಿಗೆ ನೋವಾಗುತ್ತದೆ ಎಂದು ಲೋಲಾಕ್ಷಿ ಬ್ಯಾಗನ್ನು ಹಾಗೇ ಬಿಟ್ಟು, ದೇವರ ದೀಪಕ್ಕೆ ಕೈಮುಗಿದು ಮಲಗಿದಳು. ಭಾನುವಾರ ಬೆಳಿಗ್ಗೆ ಅವಳನ್ನು ಕಾರಿನಲ್ಲಿ ಹತ್ತಾ ಬೆಟ್ಟಕ್ಕೆ ಮುಟ್ಟಿಸಿದವನೂ ಶೀನಪ್ಪನೇ.

ಬೆಟ್ಟದ ಬುಡದಲ್ಲಿ ಶೆರಿಲ್ ಒಬ್ಬೊಬ್ಬರ ಬ್ಯಾಗನ್ನೂ ನೋಡುತ್ತಿದ್ದಳು.

"ಆಂಟಿ, ನೀರು ಎಲ್ಲುಂಟು? ಮೂರು ಲೀಟರ್ ಹೇಳಿದ್ದೆ."

ಲೋಲಾಕ್ಷಿ ಗಂಡನ ಮುಖ ನೋಡಿದಳು.

"ನೀರು ಹಾಕಲಿಲ್ಲ," ಎಂದ ಶೀನಪ್ಪ, ತಪ್ಪೇನೂ ಇಲ್ಲದವನ ಹಾಗೆ. "ಅದನ್ನು ಬಿಡುವುದಿಲ್ಲವಲ್ಲ. ಚಾಕು, ಲೈಟರು, ಅದನ್ನೂ ತೆಗೆದೆ."

"ಯಾರು ಬಿಡುವುದಿಲ್ಲ?"

"ಸೆಕ್ಯುರಿಟಿಯವರು."

ಎಲ್ಲರೂ ಸುತ್ತ ನೋಡಿದರು. ಕಲ್ಲು, ಒಣ ಹಳ್ಳ, ದೂರದಲ್ಲೊಂದು ಆಡು. ಶೀನಪ್ಪನೂ ನೋಡಿದ. ಏಳು ಕಿಲೋ ಎಂದ ಕೂಡಲೇ ಮೂವತ್ತು ವರ್ಷದ ಕೈ ತಾನಾಗಿ ವಿಮಾನದ ಕೈಚೀಲ ತುಂಬಿಸಿತ್ತೆಂದು ಅವನಿಗೆ ಆಗ ಹೊಳೆಯಿತು. ಹೊಳೆದದ್ದೇ ಮುಖ ಕಿವಿಯವರೆಗೆ ಕೆಂಪಾಯಿತು.

"ಇಲ್ಲೆಲ್ಲೂ ಅಂಗಡಿ ಇಲ್ಲ. ನೀರಿಲ್ಲದೆ ಹತ್ತಿಸುವುದಿಲ್ಲ," ಎಂದಳು ಶೆರಿಲ್, ಬೇಸರದಿಂದಲೇ. "ಸಾರಿ ಆಂಟಿ."

ವಿಕ್ಟರ್ ಬಸ್ಸಿನ ಬಾಗಿಲು ತೆರೆದು ಹಿಡಿದ. "ಬನ್ನಿ ಅಮ್ಮಾ. ಈಗ ಎಡದ ಮೊಣಕಾಲೂ ಶುರುವಾಗಿದೆ."

ಲೋಲಾಕ್ಷಿ ಅಲ್ಲಾಡಲಿಲ್ಲ. ಅವಳ ಕಣ್ಣು ಪಕ್ಕದಲ್ಲಿದ್ದ ಫಾರ್ಮಸಿಯ ಖೈರುನ್ನಿಸಳ ಮೇಲಿತ್ತು. ಖೈರುನ್ನಿಸ ಹೆದರಿ ಆರು ಲೀಟರ್ ತಂದಿದ್ದಳು. ಮೂರನೆಯ ಸಲವೂ ಬ್ಯಾಗನ್ನು ಎತ್ತಲಾರದೆ ನೆಲಕ್ಕಿಟ್ಟಳು.

"ಖೈರುನ್ನಿಸ, ಮೂರು ಲೀಟರ್ ನನಗೆ ಕೊಡು. ನಾನು ಹೊರುತ್ತೇನೆ."

"ಅಲ್ಲಾಹ್ ನಿಮಗೆ ಒಳ್ಳೇದು ಮಾಡಲಿ ಅಕ್ಕ. ಬೇಕಾದ್ರೆ ನಾಲ್ಕು ತಕ್ಕೊಳ್ಳಿ."

ಆದರೆ ಬಾಟಲಿ ಇಡಲು ಬ್ಯಾಗು ಖಾಲಿಯಾಗಬೇಕು, ಖಾಲಿಯಾಗಲು ಹಗ್ಗ ಬಿಚ್ಚಬೇಕು. ಶೀನಪ್ಪ ಹಾಕಿದ ಗಂಟು ಶೀನಪ್ಪನಿಗೇ ಬಿಚ್ಚಲಾಗಲಿಲ್ಲ.

"ಒಂದು ಚಾಕು ಇದ್ದರೆ…" ಎಂದ ಮೆಲ್ಲಗೆ.

ಯಾರೂ ನಗಲಿಲ್ಲ, ಅದೇ ಅವನಿಗೆ ಹೆಚ್ಚು ಕಷ್ಟವಾಯಿತು. ಶೆರಿಲ್ ತನ್ನ ಚಾಕು ಕೊಟ್ಟಳು. ಲೋಲಾಕ್ಷಿ ತಾನೇ ಹಗ್ಗ ಕತ್ತರಿಸಿ ಬ್ಯಾಗನ್ನು ತಲೆಕೆಳಗು ಮಾಡಿದಳು. ಚಕ್ಕುಲಿ, ಇಸ್ತ್ರಿ ಮಾಡಿದ ಸೀರೆ, ಬಾತ್ ಟವೆಲ್, ಒಂದು ಕಿಲೋ ಖರ್ಜೂರ, ಅವಳ ಪಾಸ್‌ಪೋರ್ಟ್ ಜೆರಾಕ್ಸ್ ಮೂರು ಪ್ರತಿ.

"ಸೀರೆ ಯಾಕೆ ಮಾರಾಯ್ರೇ?"

"ಮೂಲೆಯಲ್ಲಿ ಜಾಗ ಉಳಿದಿತ್ತು."

ಬಾಟಲಿಗಳನ್ನೂ ಅರ್ಧ ಖರ್ಜೂರವನ್ನೂ ಇಟ್ಟು ಅವಳು ಜಿಪ್ಪು ಎಳೆದಳು. ಒಳಗೆ ಬೇಕಾದಷ್ಟು ಗಾಳಿ ಉಳಿಯಿತು. ಶೀನಪ್ಪನ ಕೈ ಆ ಕಡೆಗೆ ತಾನಾಗಿ ಚಾಚಿತು. ಅವನೇ ಅದನ್ನು ಹಿಂದಕ್ಕೆ ಕಟ್ಟಿಕೊಂಡ.

ಶೆರಿಲ್ ಪಟ್ಟಿಯಲ್ಲಿ ಲೋಲಾಕ್ಷಿಯ ಹೆಸರಿನೆದುರು ಗುರುತು ಹಾಕಿ, "ಯಲ್ಲಾ, ಹೊರಡಿ," ಎಂದಳು. ಸಾಲು ಹೊರಟಿತು. ಬಂಡೆ ತಿರುಗುವಲ್ಲಿ ಲೋಲಾಕ್ಷಿ ಒಮ್ಮೆ ಹಿಂತಿರುಗಿದಳು. ಸುತ್ತ ಹರಡಿದ ಸಾಮಾನಿನ ನಡುವೆ ಶೀನಪ್ಪ, ಮೂರು ಗಂಟೆಯ ದಾರಿಗೆ ಹೊರಟವಳನ್ನು ಮೂರು ವರ್ಷಕ್ಕೆ ಕಳುಹಿಸುವವನಂತೆ, ಕೈ ಎತ್ತಿ ನಿಂತಿದ್ದ.

"ಮುಟ್ಟಿದ ಕೂಡ್ಲೇ ಮಿಸ್ ಕಾಲ್ ಕೊಡು, ಆಯ್ತಾ?"

"ಮೇಲೆ ನೆಟ್‌ವರ್ಕ್ ಮಾಫಿ ಅಂಕಲ್, ಇಲ್ಲವೇ ಇಲ್ಲ," ಎಂದು ಶೆರಿಲ್ ಕೂಗಿದಳು.

"ಇಲ್ಲದಿದ್ರೆ ಒಳ್ಳೇದಾಯ್ತು," ಎಂದು ಲೋಲಾಕ್ಷಿ ಖೈರುನ್ನಿಸಳಿಗೆ ಮಾತ್ರ ಕೇಳುವಂತೆ ಹೇಳಿ, ಮುಂದಿನ ಕಲ್ಲಿಗೆ ಕಾಲಿಟ್ಟಳು.