ಜಲಪಾತದ ಚಿಕಿತ್ಸೆ

ಡಯಾಲಿಸಿಸ್ ಕೋಣೆಯ ಬಾಗಿಲು ತೆರೆದರೆ ಸಾಕು, ದೊಡ್ಡ ಟೀಚರ್ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಸ್ಪಿರಿಟ್ಟಿನ ವಾಸನೆ, ಯಾರದೋ ಮೈ ತಾಗಿ ಇನ್ನೂ ಬೆಚ್ಚಗಿರುವ ರೆಕ್ಸಿನ್ ಕುರ್ಚಿ, ಪ್ಲಾಸ್ಟಿಕ್ ನಳಿಗೆಗಳಲ್ಲಿ ಓಡುವ ಕಂಡವರ ರಕ್ತ. ಥೂ! ಶಾಲೆ ನಡೆಸಿ ನಿವೃತ್ತರಾದ ಹೆಂಗಸು, ಊರ ಮಕ್ಕಳ ಮೂಗೆಲ್ಲ ಒರೆಸಿದವರು. ಈಗ ತಮ್ಮ ಮೈ ಕಂಡರೇ ಅವರಿಗೆ ಅಸಹ್ಯ. ಊದಿದ ಪಾದ, ತೋಳಿನಲ್ಲಿ ಗಂಟುಗಂಟಾಗಿ ಉಬ್ಬಿದ ನರ.

ಕಳೆದ ಸರದಿಯಲ್ಲಿ ಸೂಜಿ ಕಂಡದ್ದೇ ಜೀವ ಬಾಯಿಗೆ ಬಂದು, ಎದ್ದು ಮನೆಗೆ ಹೋಗಿಬಿಟ್ಟಿದ್ದರು. ಆಮೇಲೆ ಮಲಗಿದರೆ ಉಸಿರೇ ಸಿಕ್ಕಲಿಲ್ಲ. "ಇನ್ನೊಂದು ಸಲ ಹೀಗೆ ಮಾಡಿದ್ರೆ ಶ್ವಾಸಕೋಶದಲ್ಲಿ ನೀರು ತುಂಬತ್ತೆ. ಆಗ ನಮ್ಮ ಕೈಲೂ ಏನೂ ಆಗಲ್ಲ," ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ತಂಗಿ ಅತ್ತು ಕರೆದು ಇವತ್ತು ಎಳೆದು ತಂದಿದ್ದಳು.

ಹೆದರಿಕೆ ಬಿಡಿಸಲೆಂದು ಆಸ್ಪತ್ರೆಯವರು ಹೊಸ ಆಪ್ತಸಮಾಲೋಚಕಿಯನ್ನು ಕಳಿಸಿದ್ದರು. ಎಳೆಯ ಹುಡುಗಿ, ಮಾತೆಲ್ಲ ಬೆಣ್ಣೆ. "ಕಣ್ಣು ಮುಚ್ಕೊಳ್ಳಿ ಮೇಡಂ. ನೀವೀಗ ತಂಪಾದ ಕಾಡಲ್ಲಿದ್ದೀರಿ..." ಎನ್ನುತ್ತ ಫೋನ್ ಒತ್ತಿದಳು. ಕೋಣೆಯ ತುಂಬ ಜಲಪಾತ ಧುಮುಕತೊಡಗಿತು.

ಕಿಡ್ನಿ ಕೆಟ್ಟು ಅಲ್ಲಿ ಕೂತಿದ್ದ ಒಬ್ಬರಿಗೂ ಬಾಯಾರಿದಷ್ಟು ನೀರು ಕುಡಿಯುವ ಹಾಗಿರಲಿಲ್ಲ. ಐಸ್ ಚೂರು ಚೀಪಿ ದಿನ ದೂಡುವವರು. ಪಕ್ಕದ ಕುರ್ಚಿಯ ಬಸ್ ಡ್ರೈವರ್ ಒಣ ತುಟಿ ಸವರಿಕೊಂಡ.

"ನಿಲ್ಸೇ ಅದನ್ನ!" ದೊಡ್ಡ ಟೀಚರ್ ಗುಡುಗಿದರು. "ಗುಟುಕು ನೀರಿಗೆ ಬಾಯಿ ಬಿಡೋರ ಮುಂದೆ ಜಲಪಾತ ಸುರೀತೀಯಲ್ಲ, ಬುದ್ಧಿ ಎಲ್ಲಿಟ್ಟಿದೀಯ?"

"ಇರ್ಲಿ ಬಿಡಿ ಮೇಡಂ, ಕಿವಿಯಾದ್ರೂ ಕುಡೀಲಿ," ಎಂದ ಡ್ರೈವರ್.

ದೊಡ್ಡ ಟೀಚರ್ ತಂಗಿಯ ಕಡೆ ತಿರುಗಿದರು. "ನಡಿಯೇ ಮನೆಗೆ. ಸತ್ರೆ ಸಾಯ್ತೀನಿ, ಈ ಹೇಸಿಗೆ ಸಾಕು."

ಅಷ್ಟರಲ್ಲಿ ನರ್ಸ್ ಎರಡು ಸೂಜಿ ಹಿಡಿದು ಬಂದಳು. "ತಪ್ಪಾಯ್ತು ಮೇಡಂ, ಇವತ್ತೇ ಮೊದಲನೇ ದಿನ..." ಎನ್ನುತ್ತಿದ್ದ ಹುಡುಗಿ ಅವನ್ನು ನೋಡಿದ್ದೇ ಬಿಳಿಚಿಕೊಂಡಳು. "ಅಯ್ಯೋ, ಇಷ್ಟು ದಪ್ಪ ಇರತ್ತಾ?" ಎಂದವಳೇ ಟೀಚರ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಳು. ಬೆವರಿದ ಅಂಗೈ, ಅಂಟು ಅಂಟು. ಟೀಚರಿಗೆ ಮೈಯೆಲ್ಲ ಮುಳ್ಳೆದ್ದಿತು.

ಆದರೆ ಆ ಮುಖ! ಶಾಲೆಯಲ್ಲಿ ಲಸಿಕೆ ಹಾಕುವ ದಿನ ಸಾಲಿನಲ್ಲಿ ನಿಲ್ಲುತ್ತಿದ್ದ ಮುಖವೇ ಅದು. ಹಳೆಯ ದನಿ ತಾನಾಗಿ ಹೊರಬಂತು.

"ಆ ಕಡೆ ನೋಡ್ಬೇಡ. ನನ್ನ ಮುಖ ನೋಡು. ಉಸಿರು ಎಳ್ಕೋ... ಬಿಡು. ಇರುವೆ ಕಚ್ಚಿದ ಹಾಗೆ ಅಷ್ಟೇ ಪುಟ್ಟಾ. ಅಳಬಾರದು. ಇನ್ನೊಂದ್ಸಲ ಎಳ್ಕೋ... ಬಿಡು."

"ಎರಡೂ ಸೂಜಿ ಹಾಕಿ ಆಯ್ತು ಮೇಡಂ," ಎಂದಳು ನರ್ಸ್.

ದೊಡ್ಡ ಟೀಚರ್ ತಿರುಗಿ ನೋಡಿದರು. ನಳಿಗೆಯಲ್ಲಿ ಅವರದೇ ರಕ್ತ ಹರಿಯುತ್ತಿತ್ತು. ಬಾಗಿಲ ಬಳಿ ತಂಗಿ ಕಣ್ಣೊರೆಸಿಕೊಂಡಳು. ಅವರು ಹುಡುಗಿಯ ಹಿಡಿತದಿಂದ ಕೈ ಬಿಡಿಸಿಕೊಂಡು, ಹೊದಿಕೆಗೆ ಒರೆಸಿ ಮೂಗು ಮುರಿದರು.

"ಮುಂದಿನ ಸಲ ನಾನು ಬರೋ ಹೊತ್ತಿಗೆ ಕೈ ತೊಳ್ಕೊಂಡು ನಿಂತಿರು. ಗಲೀಜು."